ಹೊಳೆ ದಾಟಿದ ದಾರಿ

ಬಸ್ಸು ಮರವಂತೆಗೆ ಬಂದೊಡನೆ ಕಿಟಕಿ ಪಕ್ಕದವರೆಲ್ಲ ಮಾತು ನಿಲ್ಲಿಸಿ ಹೊರಗೆ ನೋಡುತ್ತಾರೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಸೌಪರ್ಣಿಕಾ ಹೊಳೆ, ನಡುವೆ ರಸ್ತೆ. ಘಟ್ಟದ ಮೇಲಿನವರು ಇಳಿದು ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೆ ಮಾತ್ರ ಆ ಚೆಂದಕ್ಕಿಂತ ಮೊದಲು ನೆನಪಾಗುವುದು ನಮ್ಮ ಅಮ್ಮಮ್ಮ.

ಅಮ್ಮಮ್ಮನ ತವರು ಗಂಗೊಳ್ಳಿ, ಗಂಡನ ಮನೆ ಕುಂದಾಪುರದ ಬದಿ. ನಡುವೆ ಐದು ಹೊಳೆಗಳು ಕೂಡಿ ಕಡಲು ಸೇರುವ ಪಂಚಗಂಗಾವಳಿ. ಈ ದಡದಲ್ಲಿ ನಿಂತರೆ ತವರಿನ ತೆಂಗಿನ ಮರಗಳು ಕಾಣುತ್ತಿದ್ದವಂತೆ. ಒಂದು ಆಷಾಢದಲ್ಲಿ ಅವರ ತಾಯಿಗೆ ಜ್ವರ ಬಿಗಡಾಯಿಸಿತು. ಹೊಳೆ ಕೆಂಪಾಗಿ ಹರಿಯುತ್ತಿತ್ತು, ದೋಣಿಯವನು ದೋಣಿ ಬಿಡಲಿಲ್ಲ. ಮೂರನೆಯ ದಿನ ನೀರಿಳಿದ ಮೇಲೆ ಹೋದರೆ ಎಲ್ಲ ಮುಗಿದಿತ್ತು. “ಹೊಳಿ ಆಚಿಗೆ ಹೆಣ್ ಕೊಡೂಕಾಗ” ಎಂದು ಸಾಯುವವರೆಗೂ ಹೇಳುತ್ತಿದ್ದರು. ನಮ್ಮನ್ನೆಲ್ಲ ಹತ್ತಿರದಲ್ಲೇ ಮದುವೆ ಮಾಡಿಕೊಟ್ಟದ್ದಕ್ಕೆ ಜಾತಕಕ್ಕಿಂತ ಆ ಹೊಳೆಯೇ ಕಾರಣವಿರಬೇಕು.

ಕರಾವಳಿಯ ದಾರಿ ಎಂದರೆ ಹೊಳೆಗಳ ಲೆಕ್ಕ. ಮಂಗಳೂರಿನ ತೆಂಕಕ್ಕೆ ನೇತ್ರಾವತಿ. ಬಡಗಕ್ಕೆ ಹೊರಟರೆ ಕೂಳೂರಿನಲ್ಲಿ ಫಲ್ಗುಣಿ, ಮುಲ್ಕಿಯಲ್ಲಿ ಶಾಂಭವಿ, ಕಲ್ಯಾಣಪುರದಲ್ಲಿ ಸ್ವರ್ಣಾ, ಮಾಬುಕಳದಲ್ಲಿ ಸೀತಾ, ಆಮೇಲೆ ನಮ್ಮ ಕುಂದಾಪುರದ ಹೊಳೆಗಳು. ಮುಂದೆ ಹೊನ್ನಾವರದಲ್ಲಿ ಶರಾವತಿ, ಕುಮಟಾ ದಾಟಿದ ಮೇಲೆ ಅಘನಾಶಿನಿ, ಅಂಕೋಲೆಯ ಬಳಿ ಗಂಗಾವಳಿ, ಕಾರವಾರದಲ್ಲಿ ಕಾಳಿ. ಎಲ್ಲವೂ ಘಟ್ಟದಿಂದಿಳಿದು, ಸಮುದ್ರದ ಹತ್ತಿರ ಬರುತ್ತಲೇ ಅಗಲವಾಗುವಂಥವು. ಉದ್ದಕ್ಕೆ ಪ್ರಯಾಣ ಮಾಡುವವರು ಹಡಗನ್ನೇ ನೆಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೂ ದಾರಿಯೊಂದು ಇತ್ತು. 1340ರ ದಶಕದಲ್ಲಿ ಈ ತೀರಕ್ಕೆ ಬಂದ ಇಬ್ನ್ ಬತೂತ ಅದನ್ನು ಬರೆದಿಟ್ಟಿದ್ದಾನೆ. ಗೋವೆಯ ಕಡೆಯಿಂದ ಕೊಲ್ಲಂವರೆಗೆ ಎರಡು ತಿಂಗಳ ದಾರಿ, ಉದ್ದಕ್ಕೂ ಮರಗಳ ನೆರಳು, ಅರ್ಧರ್ಧ ಮೈಲಿಗೆ ಮರದ ಚಾವಡಿ, ಕೂರಲು ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಆಳು. ಉಳ್ಳವರು ಪಲ್ಲಕ್ಕಿಯಲ್ಲಿ, ಉಳಿದವರು ಕಾಲ್ನಡಿಗೆಯಲ್ಲಿ. ಹೊನ್ನಾವರದಲ್ಲಿ ಅವನು ಹೆಣ್ಣುಮಕ್ಕಳ 13 ಶಾಲೆಗಳನ್ನೂ ಗಂಡುಮಕ್ಕಳ 23 ಶಾಲೆಗಳನ್ನೂ ಕಂಡನಂತೆ, ಇಂಥದ್ದನ್ನು ಬೇರೆಲ್ಲೂ ನೋಡಿಲ್ಲ ಎಂದೂ ಸೇರಿಸಿದ್ದಾನೆ. ಮೊದಲ ಸಲ ಓದಿದಾಗ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದ್ದೆ. ನಾನು ಓದಿದ ಪಠ್ಯಪುಸ್ತಕದಲ್ಲಿ ಅವನು ದಿಲ್ಲಿಯಲ್ಲೇ ಉಳಿದುಬಿಟ್ಟಿದ್ದ.

ಹೊಳೆಗಳು ಸಾಲದೆಂಬಂತೆ ಆಳುವವರೂ ಗೆರೆ ಎಳೆದರು. ಒಂದೇ ಆಗಿದ್ದ ಕೆನರಾವನ್ನು ಇಂಗ್ಲಿಷರು ಒಡೆದು, 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಸೇರಿಸಿದರು. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಬೈಂದೂರು ದಾಟಿ ಭಟ್ಕಳಕ್ಕೆ ಹೋದರೆ ಬೇರೆ ಪ್ರಾಂತ! 1956ರ ನವೆಂಬರ್ 1ರಂದು ಎರಡೂ ಮತ್ತೆ ಒಂದೇ ರಾಜ್ಯಕ್ಕೆ ಬಂದವು. ದೊಡ್ಡ ಸೇತುವೆಗಳಲ್ಲಿ ಬಹುಪಾಲು ಸ್ವಾತಂತ್ರ್ಯದ ನಂತರದವು. ಬಂದರು, ವಿಮಾನ ನಿಲ್ದಾಣಗಳ ಜೊತೆಗೆ ಈ ಹೆದ್ದಾರಿಗೂ ದುಡಿದ ಸಂಸದ ಯು. ಶ್ರೀನಿವಾಸ ಮಲ್ಯರನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ಕಾಳಿ ನದಿಯ ಸೇತುವೆಯಂತೂ ಮುಗಿದದ್ದು 1983ರಲ್ಲಿ. ಅಲ್ಲಿಯವರೆಗೆ ಕಾರವಾರದ ಕೋಡಿಬಾಗದಿಂದ ಸದಾಶಿವಗಡಕ್ಕೆ ನೀರಿನ ಮೇಲೆಯೇ ದಾಟಬೇಕಿತ್ತು.

ತಲಪಾಡಿಯಿಂದ ಮಾಜಾಳಿಯವರೆಗೆ ಮುನ್ನೂರು ಕಿಲೋಮೀಟರಿನ ಹತ್ತಿರ. 17 ಎಂಬ ಸಂಖ್ಯೆ 2010ರಲ್ಲಿ 66 ಆಯಿತು, ನಮ್ಮ ಬಾಯಲ್ಲಿ ಬಹಳ ಕಾಲ 17ಾಗಿಯೇ ಉಳಿಯಿತು. ರಾಣಿ ಅಬ್ಬಕ್ಕನ ಉಳ್ಳಾಲವನ್ನೂ ಚೆನ್ನಭೈರಾದೇವಿಯ ಮಿರ್ಜಾನ್ ಕೋಟೆಯನ್ನೂ ಜೋಡಿಸುವ ದಾರಿ ಇದು. ನಮ್ಮ ಕಾಲದ ಹೆಣ್ಣುಮಕ್ಕಳು ಕಾಲೇಜಿಗೆ ಹೋದದ್ದು, ನಾನು ಬಿ.ಎಡ್. ಮಾಡಿದ್ದು, ಚೊಚ್ಚಲ ಬಾಣಂತನಕ್ಕೆ ತವರಿಗೆ ಎರಡು ಗಂಟೆಯಲ್ಲಿ ತಲುಪಿದ್ದು, ಎಲ್ಲ ಈ ರಸ್ತೆಯ ಬಸ್ಸಿನಲ್ಲಿ. ಆ ಋಣ ಸಣ್ಣದಲ್ಲ.

ಆಮೇಲೆ ನಾಲ್ಕು ಪಥ ಬಂತು. ದಾರಿಬದಿಯ ಗೋಳಿ, ಮಾವು ಉರುಳಿದವು. ಬತೂತನ ನೆರಳು ಹೋಯಿತು. ಚಾವಡಿಯ ಬದಲು ಚಹಾದಂಗಡಿಗಳಿದ್ದವು, ಲಾರಿಯವರಿಗೆ ನೀರು, ನೆರಳು, ಎರಡು ಮಾತು. 2024ರ ಜುಲೈ 16ರ ಬೆಳಿಗ್ಗೆ ಶಿರೂರಿನಲ್ಲಿ, ನಮ್ಮ ಬೈಂದೂರಿನ ಶಿರೂರಲ್ಲ, ಅಂಕೋಲೆಯ ಶಿರೂರು, ಗುಡ್ಡ ಜರಿದು ಅಂಥದೊಂದು ಅಂಗಡಿಯನ್ನು ನಡೆಸುವವರ ಸಮೇತ ಒಯ್ದಿತು. ಹತ್ತಕ್ಕೂ ಹೆಚ್ಚು ಜನ ಹೋದರು. ಮಣ್ಣು ಗಂಗಾವಳಿಗೆ ಬಿದ್ದು, ನೀರು ಆಚೆ ದಡದ ಉಳುವರೆಯ ಮನೆಗಳಿಗೆ ನುಗ್ಗಿತು. ಮೂರು ವಾರ ಕಳೆದೊಡನೆ, ಆಗಸ್ಟ್ 7ರ ನಡುರಾತ್ರಿ, ಕಾಳಿಯ ಹಳೆಯ ಸೇತುವೆ ಕುಸಿಯಿತು. ಪಕ್ಕದಲ್ಲಿ ಹೊಸ ಸೇತುವೆ ಇದ್ದದ್ದರಿಂದ ದಾರಿ ಪೂರ್ತಿ ಕಡಿಯಲಿಲ್ಲ. ಗುಡ್ಡವನ್ನು ನೆಟ್ಟಗೆ ಕಡಿದರೆ ಮಳೆಗಾಲದಲ್ಲಿ ಅದು ನಿಲ್ಲುತ್ತದೆಯೇ ಎಂದು ನಮ್ಮೂರಲ್ಲಿ ಬಾವಿ ತೋಡುವವರನ್ನು ಕೇಳಿದರೂ ಹೇಳುತ್ತಿದ್ದರು.

ನನ್ನ ಶಾಲೆ ಹೆದ್ದಾರಿಯ ಮೂಡಬದಿಯಲ್ಲಿದೆ. ಮಕ್ಕಳಲ್ಲಿ ಅರ್ಧ ಪಡುಬದಿಯ ಮೀನುಗಾರರ ಮನೆಯವರು. ಮೊದಲು ಊರು ಒಂದೇ ಇತ್ತು, ಮನೆಯಿಂದ ಮನೆಗೆ ಒಂದು ಬಟ್ಟಲು ಸಾರು ಹಿಡಿದುಕೊಂಡು ಹೋಗುತ್ತಿದ್ದರು. ಈಗ ಆಚೆ ಬದಿಗೆ ಹೋಗಬೇಕಾದರೆ ಒಂದು ಕಿಲೋಮೀಟರು ನಡೆದು ತಿರುವಿನಲ್ಲಿ ದಾಟಬೇಕು, ಇಲ್ಲವೇ ನಡುವಿನ ದಂಡೆ ಹಾರಬೇಕು. ಮಕ್ಕಳು ಯಾವುದನ್ನು ಮಾಡುತ್ತಾರೆಂದು ಬೇರೆ ಹೇಳಬೇಕೆ? ಕೆಲವು ವರ್ಷದ ಹಿಂದೆ ನನ್ನ ಏಳನೆಯ ತರಗತಿಯ ಹುಡುಗಿಯೊಬ್ಬಳು ಹಾಗೆ ಹಾರಿ ಕಾರಿಗೆ ಸಿಕ್ಕಳು. ಜೀವ ಉಳಿಯಿತು, ಎಡಗಾಲು ಎಳೆಯುತ್ತಾಳೆ. ಮೇಲುಸೇತುವೆ ಕೇಳಿ ಬರೆದ ಅರ್ಜಿಗಳ ನಕಲು ನನ್ನ ಕಪಾಟಿನಲ್ಲಿ ಒಂದು ಫೈಲು ತುಂಬಾ ಇವೆ.

ಅಂದಿನಿಂದ ಸಂಜೆ ನಾಲ್ಕಕ್ಕೆ ನಾವು ಇಬ್ಬರು ಟೀಚರು ಕೆಂಪು ಬಟ್ಟೆ ಹಿಡಿದು ರಸ್ತೆಗೆ ಇಳಿಯುತ್ತೇವೆ. ಮಕ್ಕಳು ಕೈ ಕೈ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಲಾರಿಯವರು ಹೆಚ್ಚಾಗಿ ನಿಲ್ಲಿಸುತ್ತಾರೆ, ಕಾರಿನವರು ಕಡಿಮೆ. ಆ ಹುಡುಗಿಯ ತಂಗಿ ಈಗ ಐದನೆಯ ತರಗತಿ. ದಾಟಿದ ಮೇಲೆ ಆಚೆ ಬದಿಯಿಂದ ತಿರುಗಿ ಕೈ ಬೀಸುತ್ತಾಳೆ, ನಾನು ತಲೆ ಎಣಿಸಿ ಮುಗಿಸುವವರೆಗೂ ಬೀಸುತ್ತಲೇ ಇರುತ್ತಾಳೆ.