ಕಲಬುರಗಿಯ ಅಂಗಳದ ಅಣಬೆ: ಮಳೆಯೋ, ಮಣ್ಣೋ?

ಕಲಬುರಗಿಯಲ್ಲಿ ಮುಂಗಾರು ಹಿಡಿದ ಮೇಲೆ ಮನೆಯಂಗಳದ ಹುಲ್ಲುಹಾಸಿನಲ್ಲಿ ನಾಯಿಕೊಡೆಗಳು ಏಳುತ್ತವೆ. ಮಳೆಯೇ ಅವನ್ನು ಹುಟ್ಟಿಸಿತೆಂಬುದು ಸಾಮಾನ್ಯ ನಂಬಿಕೆ. ಈ ಲೇಖನದ ವಾದ ಬೇರೆ: ಮಳೆ ನಿಮಿತ್ತ ಮಾತ್ರ, ಮೂಲ ಕಾರಣ ನಾವೇ ತಂದು ಹಾಕಿದ ಮಣ್ಣು-ಗೊಬ್ಬರದಲ್ಲಿದೆ.

ನಗರದ ಸಹಜ ನೆಲ ಎರೆ. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಇಂಥ ನೆಲದಲ್ಲಿ ಹುಲ್ಲು ಬೆಳೆಸಲು ಅದರ ಮೇಲೆ ಕೆಂಪುಮಣ್ಣು, ತಿಪ್ಪೆಗೊಬ್ಬರ ಹರಡುವುದು ರೂಢಿ. ಗೊಬ್ಬರದ ಜೊತೆಗೆ ಅರೆಕೊಳೆತ ಕಡ್ಡಿ, ಹೊಟ್ಟು, ಬೇರಿನ ತುಣುಕುಗಳೂ ಬರುತ್ತವೆ. ಶಿಲೀಂಧ್ರದ ಬಿಳಿ ಎಳೆಗಳು ಇವನ್ನೇ ತಿಂದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮಣ್ಣೊಳಗೆ ಬಾಳುತ್ತವೆ. ನೆಲ ತೊಯ್ದಾಗ ಮೇಲೆ ಕಾಣುವ ಕೊಡೆ ಅವುಗಳ ಫಲ ಮಾತ್ರ. ಕೊಡೆ ಕಿತ್ತರೂ ಎಳೆ ಉಳಿಯುತ್ತದೆ. ನಮ್ಮ ಅಂಗಳದಲ್ಲಿ ಕಡಿದ ಬೇವಿನ ಬುಡದ ಸುತ್ತಲೇ ಅಣಬೆ ಮತ್ತೆ ಮತ್ತೆ ಎದ್ದದ್ದು ನನಗೆ ಈ ಮಾತನ್ನು ಮನವರಿಕೆ ಮಾಡಿತು.

ಹುಮನಾಬಾದ್ ದಾರಿಯಲ್ಲಿ ಸಿಗುವ ಕಮಲಾಪುರಕ್ಕೆ ಹೋದರೆ ನೆಲದ ಬಣ್ಣವೇ ಬದಲಾಗುತ್ತದೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೆಂಪು ಬಾಳೆಯ ಊರು ಅದು. ಗೊನೆ ಕಡಿದ ಬಾಳೆಯ ದಿಂಡು, ಒಣಗಿದ ಎಲೆ ಬಿದ್ದಲ್ಲೇ ಕೊಳೆತರೆ ಅದೂ ಅಣಬೆಗೆ ಆಹಾರವೇ. ಬಾಳೆ ಎಲೆಯ ಮೇಲೆ ಚಿಪ್ಪಣಬೆ ಬೆಳೆಯಬಹುದು. ತೋಟದಲ್ಲಿ ಕಣ್ಣೆದುರೇ ನಡೆಯುವ ಈ ಕೊಳೆಯುವಿಕೆ, ನಗರದ ಅಂಗಳದಲ್ಲಿ ಹಸಿರಿನ ಕೆಳಗೆ ಮುಚ್ಚಿಹೋಗಿರುತ್ತದೆ. ವ್ಯತ್ಯಾಸ ಇಷ್ಟೇ.

ಗುರುತಿಸುವ ಪ್ರಶ್ನೆ ಇದಕ್ಕಿಂತ ಗಂಭೀರ. ಉಷ್ಣವಲಯದ ಹುಲ್ಲುಹಾಸುಗಳಲ್ಲಿ ಸಾಮಾನ್ಯವಾಗಿ ಕಾಣುವ ಕ್ಲೋರೋಫಿಲಂ ಮೋಲಿಬ್ಡೈಟಿಸ್ ಬಿಳಿಯ ದೊಡ್ಡ ಕೊಡೆ. ಮೇಲೆ ಕಂದು ಹುರುಪೆ, ಕಾಂಡಕ್ಕೆ ಉಂಗುರ. ಎಳೆಯದಾಗಿದ್ದಾಗ ಅಡಿಯ ಪದರುಗಳು ಬೆಳ್ಳಗಿದ್ದು ತಿನ್ನಬಹುದಾದ ಅಣಬೆಯಂತೆ ತೋರುತ್ತವೆ. ತಿಂದರೆ ಒಂದರಿಂದ ಮೂರು ತಾಸಿನೊಳಗೆ ವಾಂತಿ-ಭೇದಿ ಶುರುವಾಗುತ್ತದೆ. ಕಾಂಡ ತೆಗೆದ ಕೊಡೆಯನ್ನು ಪದರು ಕೆಳಗಾಗುವಂತೆ ಬಿಳಿ ಕಾಗದದ ಮೇಲಿಟ್ಟು, ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಟ್ಟರೆ ಬೀಜಕಗಳು ಹಸಿರು ಗುರುತು ಮೂಡಿಸುತ್ತವೆ. ಈ ಹಸಿರು ಅದರ ಮುಖ್ಯ ಲಕ್ಷಣ. ಹಾಗೆಂದು ಹಸಿರು ಮೂಡದ ಅಣಬೆ ತಿನ್ನಲು ಯೋಗ್ಯವೆಂದಲ್ಲ. ಅಮಾನಿಟಾ ಕುಲದ ಮಾರಕ ಜಾತಿಗಳ ಬೀಜಕ ಬಿಳಿ, ಅವುಗಳ ವಿಷ ಮೈಯಲ್ಲಿ ಕಾಣಿಸಿಕೊಳ್ಳಲು ಆರು ತಾಸಿಗೂ ಹೆಚ್ಚು ಬೇಕು. ಬೆಳ್ಳಿ ನಾಣ್ಯ ಕಪ್ಪಾಗುವುದನ್ನು ನೋಡಿ ವಿಷ ತಿಳಿಯುವ ಪರೀಕ್ಷೆಗಂತೂ ಯಾವ ಆಧಾರವೂ ಇಲ್ಲ.

ಮಕ್ಕಳಾಡುವ ಅಂಗಳವಾದರೆ ಕಿತ್ತು ತೆಗೆಯುವುದು ಸರಿ. ಹುಲ್ಲಿಗೆ ಔಷಧ ಹೊಡೆಯುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಡಿಯ ಕಟ್ಟಿಗೆ ತೀರಿದ ವರ್ಷ ಕೊಡೆಗಳೂ ಏಳುವುದಿಲ್ಲ.