ಪ್ಯಾಕೆಟ್ ಮೇಲಿನ 'ಐಎನ್‌ಎಸ್ 407' ಏನು? ಚಾಕೊಲೇಟ್ ಹಾಲು, ಐಸ್‌ಕ್ರೀಮ್‌ನಲ್ಲಿರುವ ಕ್ಯಾರಗೀನನ್ ಸುರಕ್ಷಿತವೇ?

ಐಸ್‌ಕ್ರೀಮ್, ಚಾಕೊಲೇಟ್ ಹಾಲು, ಬಾದಾಮಿ ಪೇಯದ ಪ್ಯಾಕೆಟ್ ತಿರುಗಿಸಿ ನೋಡಿದರೆ ಸಣ್ಣ ಅಕ್ಷರಗಳಲ್ಲಿ 'ಸ್ಟೆಬಿಲೈಸರ್ (407)' ಎಂದು ಬರೆದಿರುವುದು ಹಲವೆಡೆ ಕಾಣಸಿಗುತ್ತದೆ. ಈ ಸಂಖ್ಯೆಯ ಹಿಂದಿರುವ ಪದಾರ್ಥವೇ ಕ್ಯಾರಗೀನನ್. ಇದು ಕರುಳಿಗೆ ಹಾನಿ ಮಾಡುತ್ತದೆ, ಕ್ಯಾನ್ಸರ್ ತರುತ್ತದೆ ಎಂಬ ಸಂದೇಶಗಳು ಆಗಾಗ ಹರಿದಾಡುತ್ತವೆ. ಇದರಲ್ಲಿ ನಿಜವೆಷ್ಟು? ಇಲ್ಲಿದೆ ಮಾಹಿತಿ.

ಏನಿದು ಕ್ಯಾರಗೀನನ್?

ಕೆಂಪು ಜಾತಿಯ ಕಡಲಕಳೆಯಿಂದ (ಸಮುದ್ರ ಪಾಚಿ) ತೆಗೆಯುವ ನೈಸರ್ಗಿಕ ಅಂಟು ಇದು. ಐರ್ಲೆಂಡ್ ಕರಾವಳಿಯಲ್ಲಿ 'ಐರಿಶ್ ಮಾಸ್' ಎಂಬ ಪಾಚಿಯನ್ನು ಹಾಲಿನಲ್ಲಿ ಕುದಿಸಿ ಗಟ್ಟಿ ಸಿಹಿತಿನಿಸು ಮಾಡುವ ರೂಢಿ ಹಿಂದಿನಿಂದಲೂ ಇದೆ. ಈಗ ಉದ್ಯಮಕ್ಕೆ ಬೇಕಾದ ಹೆಚ್ಚಿನ ಕಡಲಕಳೆ ಇಂಡೋನೇಷ್ಯಾ, ಫಿಲಿಪ್ಪೀನ್ಸ್‌ನಲ್ಲಿ ಬೆಳೆಯುವ ಕಪ್ಪಾಫೈಕಸ್, ಯೂಕಿಮಾ ಜಾತಿಗಳಿಂದ ಬರುತ್ತದೆ.

ಇದರಲ್ಲಿ ಮುಖ್ಯವಾಗಿ ಮೂರು ವಿಧ. ಕಪ್ಪಾ ಗಟ್ಟಿ ಜೆಲ್ ಆಗುತ್ತದೆ, ಅಯೋಟಾ ಮೃದುವಾದ ಜೆಲ್ ಕೊಡುತ್ತದೆ, ಲ್ಯಾಂಬ್ಡಾ ಜೆಲ್ ಆಗದೆ ದ್ರವವನ್ನು ಮಂದಗೊಳಿಸುತ್ತದೆ.

ಮನೆಗಳಲ್ಲಿ ಪುಡ್ಡಿಂಗ್‌ಗೆ ಬಳಸುವ ಚೈನಾ ಗ್ರಾಸ್ ಇದಲ್ಲ. ಅದು ಅಗರ್, ಅದೂ ಕೆಂಪು ಕಡಲಕಳೆಯಿಂದಲೇ ಬಂದರೂ ಅದರ ಸಂಖ್ಯೆ 406.

ಎಲ್ಲೆಲ್ಲಿ ಬಳಕೆ?

ಹಾಲಿನಲ್ಲಿರುವ ಕೇಸೀನ್ ಪ್ರೋಟೀನ್ ಜೊತೆ ಕ್ಯಾರಗೀನನ್ ಸುಲಭವಾಗಿ ಬೆಸೆದುಕೊಳ್ಳುತ್ತದೆ. ಹಾಗಾಗಿ ಚಾಕೊಲೇಟ್ ಹಾಲಿನಲ್ಲಿ ಕೋಕೋ ಪುಡಿ ತಳಕ್ಕಿಳಿಯದಂತೆ ತಡೆಯಲು ಸುಮಾರು ಶೇ 0.03ರಷ್ಟು ಬೆರೆಸಿದರೂ ಸಾಕು. ಐಸ್‌ಕ್ರೀಮ್ ಮಿಶ್ರಣದಲ್ಲಿ ನೀರಿನಂಶ ಬೇರ್ಪಡದಂತೆ, ಹ್ಯಾಮ್‌ನಂಥ ಸಂಸ್ಕರಿತ ಮಾಂಸದಲ್ಲಿ ತೇವ ಉಳಿಯುವಂತೆಯೂ ಇದು ನೋಡಿಕೊಳ್ಳುತ್ತದೆ. ಟೂತ್‌ಪೇಸ್ಟ್‌ನಲ್ಲೂ ಬಳಕೆಯಿದೆ. ಪ್ರಾಣಿಜನ್ಯ ಜೆಲಾಟಿನ್‌ಗೆ ಬದಲಾಗಿ ಇದನ್ನು ಹಾಕಿದ ಜೆಲ್ಲಿಯನ್ನು ಸಸ್ಯಾಹಾರಿಗಳೂ ತಿನ್ನಬಹುದು.

ವಿವಾದ ಶುರುವಾಗಿದ್ದು ಹೇಗೆ?

ಗೊಂದಲದ ಮೂಲ ಎರಡು ಬೇರೆ ಪದಾರ್ಥಗಳನ್ನು ಒಂದೇ ಎಂದುಕೊಂಡಿದ್ದು. ಕ್ಯಾರಗೀನನ್ ಅನ್ನು ಪ್ರಬಲ ಆಮ್ಲದಲ್ಲಿ ಹೆಚ್ಚು ಉಷ್ಣತೆಗೆ ಒಡ್ಡಿದಾಗ ಅದರ ಉದ್ದನೆಯ ಅಣುಗಳು ತುಂಡಾಗಿ 'ಪಾಲಿಗೀನನ್' ಆಗುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕರುಳಿನ ಹುಣ್ಣು, ಗೆಡ್ಡೆಗೆ ಕಾರಣವಾದ ಇದನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 'ಕ್ಯಾನ್ಸರ್ ತರುವ ಸಾಧ್ಯತೆ ಇರುವ' 2ಬಿ ಗುಂಪಿಗೆ ಸೇರಿಸಿದೆ. ಆದರೆ ಪಾಲಿಗೀನನ್ ಅನ್ನು ಆಹಾರದಲ್ಲಿ ಬಳಸಲು ಅನುಮತಿಯಿಲ್ಲ. ಆಹಾರಕ್ಕೆ ಬಳಸುವ ಕ್ಯಾರಗೀನನ್ ಇರುವುದು 3ನೇ ಗುಂಪಿನಲ್ಲಿ. ಅಂದರೆ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಲು ಆಧಾರವಿಲ್ಲ.

ಹಾಗೆಂದು ಪ್ರಶ್ನೆಗಳೆಲ್ಲ ಮುಗಿದಿಲ್ಲ. ಅಲ್ಸರೇಟಿವ್ ಕೊಲೈಟಿಸ್ ಎಂಬ ಕರುಳಿನ ಉರಿಯೂತ ಶಮನಗೊಂಡಿದ್ದ 12 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನವೊಂದರಲ್ಲಿ, ಕ್ಯಾರಗೀನನ್ ಸೇವಿಸಿದ ಮೂವರಿಗೆ ಕಾಯಿಲೆ ಮರುಕಳಿಸಿತ್ತು. ಸೇವಿಸದ ಗುಂಪಿನಲ್ಲಿ ಯಾರಿಗೂ ಹಾಗಾಗಲಿಲ್ಲ. ಅಧ್ಯಯನ ತೀರಾ ಚಿಕ್ಕದು, ಅದರಿಂದ ಎಲ್ಲರಿಗೂ ಅನ್ವಯಿಸುವ ತೀರ್ಮಾನಕ್ಕೆ ಬರಲಾಗದು. ಆದರೆ ಇಂಥ ಕಾಯಿಲೆ ಇರುವವರು ವೈದ್ಯರನ್ನು ಕೇಳಿ ನಿರ್ಧರಿಸುವುದು ಒಳ್ಳೆಯದು.

ನಿಯಮಗಳು ಏನು ಹೇಳುತ್ತವೆ?

* ಭಾರತ: ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮಗಳಲ್ಲಿ ಐಎನ್‌ಎಸ್ 407ಕ್ಕೆ ಅನುಮತಿಯಿದೆ. ಹೆಸರನ್ನು ಅಥವಾ ಸಂಖ್ಯೆಯನ್ನು ಲೇಬಲ್‌ನಲ್ಲಿ ನಮೂದಿಸಬೇಕು.

* ಯುರೋಪ್: 2018ರಲ್ಲಿ ಯುರೋಪಿಯನ್ ಆಹಾರ ಸುರಕ್ಷತಾ ಪ್ರಾಧಿಕಾರ ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 75 ಮಿ.ಗ್ರಾಂ ಎಂಬ ತಾತ್ಕಾಲಿಕ ಮಿತಿ ಹಾಕಿ, ಇನ್ನಷ್ಟು ದತ್ತಾಂಶ ಕೇಳಿತು. 60 ಕೆ.ಜಿ. ತೂಕದವರಿಗೆ ಇದು 4.5 ಗ್ರಾಂ. ಶೇ 0.03ರ ಲೆಕ್ಕದಲ್ಲಿ 200 ಮಿ.ಲೀ. ಚಾಕೊಲೇಟ್ ಹಾಲಿನಲ್ಲಿ ಇರುವುದು ಸುಮಾರು 0.06 ಗ್ರಾಂ.

* ಅಮೆರಿಕ: ಸಾವಯವ ಆಹಾರದ ಪಟ್ಟಿಯಿಂದ ಇದನ್ನು ಕೈಬಿಡಲು ಸಲಹಾ ಮಂಡಳಿ 2016ರಲ್ಲಿ ಶಿಫಾರಸು ಮಾಡಿತ್ತು. ಕೃಷಿ ಇಲಾಖೆ ಅದನ್ನು ಒಪ್ಪದೆ 2018ರಲ್ಲಿ ಅನುಮತಿ ಮುಂದುವರಿಸಿತು.

* ಶಿಶು ಆಹಾರ: ವಿಶ್ವ ಆರೋಗ್ಯ ಸಂಸ್ಥೆ ಮತ್ತು ಎಫ್‌ಎಒ ಜಂಟಿ ತಜ್ಞರ ಸಮಿತಿ 2014ರಲ್ಲಿ, ಶಿಶುಗಳ ಫಾರ್ಮುಲಾದಲ್ಲಿ ಲೀಟರ್‌ಗೆ 1,000 ಮಿ.ಗ್ರಾಂವರೆಗಿನ ಬಳಕೆ ಕಳವಳಕಾರಿಯಲ್ಲ ಎಂದಿತು.

ತಮಿಳುನಾಡಿನ ಮಹಿಳೆಯರ ಜೀವನೋಪಾಯ

ತಮಿಳುನಾಡಿನ ರಾಮನಾಥಪುರಂ ಕರಾವಳಿಯಲ್ಲಿ ಸ್ವಸಹಾಯ ಗುಂಪುಗಳ ಮಹಿಳೆಯರು ಬಿದಿರಿನ ತೆಪ್ಪಗಳಿಗೆ ಕಪ್ಪಾಫೈಕಸ್ ತುಂಡುಗಳನ್ನು ಕಟ್ಟಿ ಬೆಳೆಸುತ್ತಾರೆ. ಸುಮಾರು 45 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ಭಾವನಗರದ ಕೇಂದ್ರೀಯ ಲವಣ ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ ಈ ಕೃಷಿಗೆ ತಂತ್ರಜ್ಞಾನ ಒದಗಿಸಿದೆ. ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಕಡಲಕಳೆಗೆಂದೇ 640 ಕೋಟಿ ರೂ. ಮೀಸಲಿಡಲಾಗಿತ್ತು.

ಈ ಕೃಷಿಗೂ ಎಚ್ಚರಿಕೆ ಬೇಕು. ಕಪ್ಪಾಫೈಕಸ್ ಭಾರತದ ಮೂಲ ಪ್ರಭೇದವಲ್ಲ. ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಬಳಿ ಅದು ಹವಳದ ದಿಬ್ಬಗಳ ಮೇಲೆ ಹಬ್ಬಿದ್ದನ್ನು ವಿಜ್ಞಾನಿಗಳು 2008ರಲ್ಲೇ ವರದಿ ಮಾಡಿದ್ದರು.