ಅನ್ನರಕ್ಷೆಯೂ ಸಾಧನಭಾರವೂ

ವಾಗ್ಭಟನ ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ಏಳನೆಯ ಅಧ್ಯಾಯಕ್ಕೆ ಅನ್ನರಕ್ಷಾಧ್ಯಾಯವೆಂದು ಹೆಸರು. ಸುಶ್ರುತಸಂಹಿತೆಯ ಕಲ್ಪಸ್ಥಾನವೂ ಅನ್ನಪಾನಗಳ ರಕ್ಷಣೆಯ ವಿಚಾರದಿಂದಲೇ ಮೊದಲಾಗುತ್ತದೆ. ವಿಷ ಬೆರೆತ ಅನ್ನವನ್ನು ಬೆಂಕಿಗೆ ಹಾಕಿದರೆ ಜ್ವಾಲೆಯ ಬಣ್ಣ ಕೆಟ್ಟು ಚಟಚಟನೆ ಸಿಡಿಯುವುದು, ಅದನ್ನು ಮುಟ್ಟಿದ ನೊಣಗಳು ಸಾಯುವುವು, ಚಕೋರಪಕ್ಷಿಯ ಕಣ್ಣಿನ ಬಣ್ಣ ಮಾರ್ಪಡುವುದು ಎಂದು ಮುಂತಾಗಿ ಅಲ್ಲಿ ಲಕ್ಷಣಗಳನ್ನು ಹೇಳಿದೆ. ಕೌಟಿಲ್ಯನು ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿ, ಪಾಕಾಧಿಕಾರಿಯು ಕಾವಲುಳ್ಳ ಸ್ಥಳದಲ್ಲಿ ಮೇಲಿಂದಮೇಲೆ ರುಚಿನೋಡುತ್ತ ಅಡಿಗೆ ಮಾಡಿಸಬೇಕೆಂದೂ, ಅರಸನು ಅಗ್ನಿಗೂ ಪಕ್ಷಿಗಳಿಗೂ ಬಲಿಯಿಟ್ಟ ಅನಂತರವೇ ಉಣ್ಣಬೇಕೆಂದೂ ವಿಧಿಸಿರುವನು. ಪ್ರಜೆಗಳ ಅನ್ನವನ್ನು ಕುರಿತ ವಿಧಿ ಬೇರೆಡೆಯಲ್ಲಿ, ನಾಲ್ಕನೆಯ ಅಧಿಕರಣದ ವರ್ತಕರ ಪ್ರಕರಣದಲ್ಲಿದೆ. ಧಾನ್ಯ, ಎಣ್ಣೆತುಪ್ಪ, ಕ್ಷಾರ, ಉಪ್ಪು, ಗಂಧ, ಔಷಧ ಇವುಗಳಲ್ಲಿ ಅದೇ ಬಣ್ಣದ ಬೇರೆ ಪದಾರ್ಥವನ್ನು ಬೆರೆಸಿದವನಿಗೆ ಹನ್ನೆರಡು ಪಣಗಳ ದಂಡ.

ಈ ಎರಡು ವಿಧಿಗಳಿಗಿರುವ ಅಂತರವು ಗಮನಾರ್ಹವಾದುದು. ಅರಸನ ವಿಷಯದಲ್ಲಿ ಊಟಕ್ಕೆ ಮುಂಚೆ ಪರೀಕ್ಷೆ. ಪ್ರಜೆಯ ವಿಷಯದಲ್ಲಿ ಅಪರಾಧವಾದ ಮೇಲೆ ದಂಡ. ಅರಸನ ಅನ್ನಕ್ಕೆ ಪಕ್ಷಿಗಳಿದ್ದುವು. ಪ್ರಜೆಯ ಅನ್ನಕ್ಕೆ ಪ್ರಜೆಯೇ ಪಕ್ಷಿಯಾಗಬೇಕಾಗಿತ್ತು. ಅರಸನಿಗಿದ್ದ ಪೂರ್ವಪರೀಕ್ಷೆಯು ಸಾಮಾನ್ಯ ಜನರಿಗೂ ದೊರೆತದ್ದು ಬಹು ಈಚೆಗೆ, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಅದು ಹೇಗೆ ದೊರೆಯಿತೆಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ. ರಸಾಯನಶಾಸ್ತ್ರದಲ್ಲಿ ನನಗೆ ಪರಿಶ್ರಮವಿಲ್ಲ. ಆದರೆ ಈ ಚರಿತ್ರೆಯ ತಿರುಳು ರಸಾಯನದ್ದಲ್ಲ, ವ್ಯವಹಾರಶಾಸ್ತ್ರದ್ದು. ಒಂದು ದ್ರವ್ಯವು ಹಾನಿಕರವೆಂದು ಸಾಧಿಸಬೇಕಾದವರು ಯಾರು? ಹಾನಿಕರವಲ್ಲವೆಂದು ಸಾಧಿಸಬೇಕಾದವರು ಯಾರು? ಎಲ್ಲವೂ ಈ ಪ್ರಶ್ನೆಯನ್ನೇ ಅವಲಂಬಿಸಿದೆ.

ಇದನ್ನು ತಿಳಿಯಲು ನಮ್ಮ ನಾಡಿನಲ್ಲೇ ಹುಟ್ಟಿದ ಒಂದು ಗ್ರಂಥವು ಸಹಾಯಕವಾಗಿದೆ. ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣನಗರದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯಲ್ಲಿ, ಪ್ರತಿವಾದಿಯ ಉತ್ತರವು ನಾಲ್ಕು ಬಗೆಯೆಂದು ವಿವರಿಸಿದೆ. ಆಪಾದನೆಯನ್ನು ಒಪ್ಪಿಕೊಳ್ಳುವುದು ಒಂದು. ಸುಳ್ಳೆಂದು ಅಲ್ಲಗಳೆಯುವ ಮಿಥ್ಯೋತ್ತರ ಎರಡನೆಯದು. ನಡೆದುದನ್ನು ಒಪ್ಪಿ, ದೋಷವಿಲ್ಲದಿರಲು ಬೇರೊಂದು ಕಾರಣವನ್ನು ಹೇಳುವ ಕಾರಣೋತ್ತರ ಮೂರನೆಯದು. ಈ ವ್ಯಾಜ್ಯ ಹಿಂದೆಯೇ ತೀರ್ಮಾನವಾಗಿದೆಯೆನ್ನುವುದು ನಾಲ್ಕನೆಯದು. ಮಿಥ್ಯೋತ್ತರವಾದರೆ ಸಾಧನಭಾರವು ವಾದಿಯ ಮೇಲೆ. ಕಾರಣೋತ್ತರವಾದರೆ ಪ್ರತಿವಾದಿಯ ಮೇಲೆ. ಈ ಸೂಕ್ಷ್ಮವನ್ನು ಮನಸ್ಸಿನಲ್ಲಿಟ್ಟುಕೊಂಡು ಪಾಶ್ಚಾತ್ಯ ದೇಶಗಳ ಶಾಸನಚರಿತ್ರೆಯನ್ನು ನೋಡೋಣ. ಪಟ್ಟಣಗಳು ಬೆಳೆದು, ಉಣ್ಣುವವನಿಗೂ ಬೆಳೆಯುವವನಿಗೂ ನಡುವೆ ಕಾರ್ಖಾನೆಯು ಬಂದು ನಿಂತದ್ದು ಮೊದಲು ಅಲ್ಲಿಯೇ.

ಲಂಡನ್ ನಗರದಲ್ಲಿ ನೆಲಸಿದ್ದ ಫ್ರೆಡ್ರಿಕ್ ಆಕಮ್ ಎಂಬ ಜರ್ಮನ್ ರಸಾಯನಜ್ಞನು ೧೮೨೦ರಲ್ಲಿ ಆಹಾರದ ಕಲಬೆರಕೆಯನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿ, ಅಪರಾಧಿಗಳಾದ ವರ್ತಕರ ಹೆಸರುಗಳನ್ನೇ ಅದರಲ್ಲಿ ಅಚ್ಚುಮಾಡಿಸಿದನು. ಮರುವರ್ಷವೇ ಅವನು ಆ ದೇಶವನ್ನು ಬಿಡಬೇಕಾಯಿತು. ೧೮೫೮ರಲ್ಲಿ ಬ್ರಾಡ್‌ಫರ್ಡ್ ಪಟ್ಟಣದಲ್ಲಿ ಒಂದು ಘೋರವು ನಡೆಯಿತು. ಸಕ್ಕರೆಯ ಖರ್ಚನ್ನು ಉಳಿಸಲು ಮಿಠಾಯಿಗೆ ಸುಣ್ಣಕಲ್ಲಿನ ಪುಡಿಯಂಥ ಅಗ್ಗದ ವಸ್ತುವನ್ನು ಬೆರೆಸುವುದು ಅಲ್ಲಿ ರೂಢಿಯಾಗಿತ್ತು. ಔಷಧದಂಗಡಿಯವರು ಅದಕ್ಕೆ ಬದಲಾಗಿ ಪಾಷಾಣವನ್ನು ತೂಗಿಕೊಟ್ಟರು. ಆ ಮಿಠಾಯಿಯನ್ನು ತಿಂದು ಸುಮಾರು ಇಪ್ಪತ್ತು ಜನರು ಸತ್ತರು. ಇನ್ನೂರರಷ್ಟು ಜನರು ಕಾಯಿಲೆ ಬಿದ್ದರು. ೧೮೬೦ರಲ್ಲಿಯೂ ೧೮೭೨ರಲ್ಲಿಯೂ ೧೮೭೫ರಲ್ಲಿಯೂ ಶಾಸನಗಳಾದುವು. ಊರೂರಿಗೆ ಸರಕಾರದ ಪರೀಕ್ಷಕರು ನೇಮಕವಾದರು. ಆದರೂ ಈ ಶಾಸನಗಳ ರೂಪವು ಕೌಟಿಲ್ಯನ ಹನ್ನೆರಡು ಪಣದ ವಿಧಿಯದೇ: ಮೊದಲು ಮಾರಾಟ, ಆಮೇಲೆ ಪರೀಕ್ಷೆ, ಕೊನೆಗೆ ದಂಡ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಪ್ರಶ್ನೆಯು ಬೇರೊಂದು ರೂಪವನ್ನು ತಳೆಯಿತು. ಅಲ್ಲಿ ಆಹಾರವನ್ನು ಕೆಡದಂತೆ ಇಡಲು ಬೊರಾಕ್ಸ್, ಫಾರ್ಮಾಲ್ಡಿಹೈಡ್, ಬೆಂಜೋಯಿಕ್ ಆಮ್ಲ ಮೊದಲಾದ ಹೊಸ ದ್ರವ್ಯಗಳನ್ನು ಬೆರೆಸುತ್ತಿದ್ದರು. ಇದು ಕಲ್ಲನ್ನು ಅಕ್ಕಿಯೆಂದು ಮಾರುವ ಮೋಸವಲ್ಲ. ಬೆರೆಸಿದವನು ಇದು ಉಪಕಾರಕ್ಕಾಗಿಯೇ ಎನ್ನುತ್ತಿದ್ದನು. ಉಪಕಾರವೋ ಅಪಕಾರವೋ ಯಾರಿಗೂ ತಿಳಿಯದು. ಅಲ್ಲಿನ ವ್ಯವಸಾಯ ಇಲಾಖೆಯ ಮುಖ್ಯ ರಸಾಯನಜ್ಞನಾಗಿದ್ದ ಹಾರ್ವಿ ವೈಲಿ ಎಂಬಾತನು ೧೯೦೨ರಲ್ಲಿ ಹನ್ನೆರಡು ಮಂದಿ ತರುಣರನ್ನು, ಅವರ ಸಮ್ಮತಿಯಿಂದಲೇ, ಒಂದೆಡೆ ಕೂಡಿಸಿ, ಈ ದ್ರವ್ಯಗಳನ್ನು ಒಂದೊಂದಾಗಿ ಊಟದೊಡನೆ ಕೊಟ್ಟು ಅವರ ದೇಹಸ್ಥಿತಿಯನ್ನು ಬರೆದಿಟ್ಟನು. ವೃತ್ತಪತ್ರಿಕೆಗಳು ಅವರನ್ನು ವಿಷದ ದಳವೆಂದು ಕರೆದುವು. ೧೯೦೬ರ ಜೂನ್ ೩೦ರಂದು ಶುದ್ಧ ಆಹಾರದ ಶಾಸನಕ್ಕೆ ಅಂಕಿತ ಬೀಳಲು ಈ ಪ್ರಯೋಗವು ಬಹುಮಟ್ಟಿಗೆ ಕಾರಣವಾಯಿತು.

ಆ ಶಾಸನವು ಆರೋಗ್ಯಕ್ಕೆ ಹಾನಿಮಾಡಬಹುದಾದ ದ್ರವ್ಯವನ್ನು ಆಹಾರಕ್ಕೆ ಕೂಡಿಸಬಾರದೆಂದಿತು. ಆದರೆ ೧೯೧೪ರಲ್ಲಿ, ಗೋದಿಹಿಟ್ಟನ್ನು ಅನಿಲದಿಂದ ಬೆಳ್ಳಗೆ ಮಾಡಿದ ಒಂದು ಮೊಕದ್ದಮೆಯಲ್ಲಿ, ಆ ದೇಶದ ಅತ್ಯುಚ್ಚ ನ್ಯಾಯಾಲಯವು ಹೀಗೆ ತೀರ್ಮಾನಿಸಿತು: ವಿಷದ್ರವ್ಯದ ಲೇಶವು ಇದ್ದ ಮಾತ್ರದಿಂದ ಸಾಲದು, ಇದ್ದಷ್ಟರಿಂದಲೇ ಆ ಆಹಾರವು ಉಣ್ಣುವವನಿಗೆ ಹಾನಿಮಾಡಬಹುದೆಂದು ತೋರಿಸಬೇಕು. ತೋರಿಸಬೇಕಾದುದು ಸರಕಾರ. ಮಿತಾಕ್ಷರೆಯ ಮಾತಿನಲ್ಲಿ ಹೇಳುವುದಾದರೆ, ಸರಕಾರದ ಪ್ರತಿಜ್ಞೆ, "ಇವನು ಹಾನಿಕರವಾದುದನ್ನು ಬೆರೆಸಿದನು" ಎಂಬುದು. ವರ್ತಕನ ಉತ್ತರ, "ಹಾನಿಕರವಲ್ಲ" ಎಂಬ ಮಿಥ್ಯೋತ್ತರ. ಆದುದರಿಂದ ಸಾಧನಭಾರವು ವಾದಿಯ ಮೇಲೆಯೇ ಬಿದ್ದಿತು. ಹೊಸ ದ್ರವ್ಯಗಳು ವರ್ಷವರ್ಷಕ್ಕೂ ಬರುತ್ತಿರಲು, ಒಂದೊಂದನ್ನೂ ಸರಕಾರವು ಹಿಂಬಾಲಿಸಿ ಸಾಧಿಸುವವರೆಗೆ ಜನರು ಅದನ್ನು ಉಣ್ಣುತ್ತಲೇ ಇರಬೇಕಾಯಿತು.

೧೯೩೭ರಲ್ಲಿ ಒಂದು ದ್ರವರೂಪದ ಔಷಧದಿಂದ ಅಲ್ಲಿ ನೂರಕ್ಕೂ ಹೆಚ್ಚು ಜನರು ಸತ್ತರು. ಮರುವರ್ಷದ ಶಾಸನವು ಹೊಸ ಔಷಧಗಳಿಗೆ ಪೂರ್ವಪರೀಕ್ಷೆಯನ್ನು ವಿಧಿಸಿತು. ಆಹಾರದ್ರವ್ಯಗಳಿಗೆ ಹಾಗೆ ವಿಧಿಸಲಿಲ್ಲ. ೧೯೫೦ರಲ್ಲಿ ಮಕ್ಕಳು ಹ್ಯಾಲೋವೀನ್ ಹಬ್ಬದ ಕಿತ್ತಳೆಬಣ್ಣದ ಮಿಠಾಯಿಯನ್ನು ತಿಂದು ಕಾಯಿಲೆ ಬಿದ್ದರು. ಆ ಬಣ್ಣವು ೧೯೦೭ರಲ್ಲಿ ಸರಕಾರವೇ ಒಪ್ಪಿದ್ದ ಏಳು ಬಣ್ಣಗಳಲ್ಲಿ ಒಂದು. ಅದೇ ವರ್ಷ ಜೇಮ್ಸ್ ಡಿಲೇನಿ ಎಂಬ ಪ್ರತಿನಿಧಿಯ ಅಧ್ಯಕ್ಷತೆಯಲ್ಲಿ ಒಂದು ವಿಚಾರಣಾಸಮಿತಿಯು ಕೂಡಿತು. ಅದರ ಫಲವಾಗಿ ೧೯೫೮ರ ಸೆಪ್ಟೆಂಬರ್ ೬ರಂದು ಬಂದ ತಿದ್ದುಪಡಿಯು ಹಳೆಯ ಕ್ರಮವನ್ನು ತಲೆಕೆಳಗು ಮಾಡಿತು. ಇನ್ನು ಮುಂದೆ ಸರಕಾರದ ಪ್ರತಿಜ್ಞೆ, "ಇವನು ಹಾನಿಕರವಾದುದನ್ನು ಬೆರೆಸಿದನು" ಎಂದಲ್ಲ, "ಅನುಮತಿಯಿಲ್ಲದೆ ಅನ್ಯದ್ರವ್ಯವನ್ನು ಬೆರೆಸಿದನು" ಎಂದಷ್ಟೆ. ವರ್ತಕನು "ಬೆರೆಸಿದುದು ನಿಜ, ಆದರೆ ಅದು ನಿರಪಾಯವಾದುದು" ಎನ್ನಬೇಕು. ಇದು ಕಾರಣೋತ್ತರ. ಪ್ರತಿಜ್ಞೆಯ ಒಂದು ಪದವು ಮಾರ್ಪಟ್ಟುದರಿಂದ ಸಾಧನಭಾರವೆಲ್ಲವೂ ಒಬ್ಬನ ಹೆಗಲಿನಿಂದ ಮತ್ತೊಬ್ಬನ ಹೆಗಲಿಗೆ ಹೋಯಿತು. ಮಾರುವವನು ಮಾರುವ ಮೊದಲೇ ಸಾಧಿಸಬೇಕು. ಸಾಧಿಸಿದುದನ್ನು ಅಧಿಕಾರಿಗಳು ಪರಿಶೀಲಿಸಿ ಒಪ್ಪಬೇಕು.

ಸಾಧಿಸುವುದು ಯಾವ ಪ್ರಮಾಣದಿಂದ? ಪ್ರತ್ಯಕ್ಷವು ಇಲ್ಲಿ ಸಾಲದು. ಸದ್ಯಕ್ಕೆ ಕೊಲ್ಲದೆ ದೇಹದಲ್ಲಿ ಅಡಗಿದ್ದು ಕಾಲಾಂತರದಲ್ಲಿ ಕೆರಳುವ ವಿಷಕ್ಕೆ ಸುಶ್ರುತನು ದೂಷೀವಿಷವೆಂದು ಹೆಸರಿಟ್ಟಿರುವನು. ಇಂಥದನ್ನು ಒಂದು ಹೊತ್ತಿನ ರುಚಿನೋಟದಿಂದ ತಿಳಿಯಲಾಗದು. ಆದುದರಿಂದ ಇಲಿ ಮೊದಲಾದ ಪ್ರಾಣಿಗಳಿಗೆ ಅವುಗಳ ಆಯುಷ್ಯದುದ್ದಕ್ಕೂ ಆ ದ್ರವ್ಯವನ್ನು ಉಣಿಸಿ, ಯಾವ ಮಾತ್ರೆಯವರೆಗೆ ಕೆಡುಕು ಕಾಣುವುದಿಲ್ಲವೋ ಅದನ್ನು ಗೊತ್ತುಮಾಡುತ್ತಾರೆ. ಆ ಮಾತ್ರೆಯನ್ನು ಸಾಮಾನ್ಯವಾಗಿ ನೂರರಿಂದ ಭಾಗಿಸುತ್ತಾರೆ: ಇಲಿಗೂ ಮನುಷ್ಯನಿಗೂ ಇರುವ ಭೇದಕ್ಕೆ ಹತ್ತು, ಮನುಷ್ಯರಲ್ಲೇ ಶಿಶು, ವೃದ್ಧ, ರೋಗಿ ಎಂಬ ಭೇದಕ್ಕೆ ಹತ್ತು. ಇಲಿಗೆ ದೇಹತೂಕದ ಕಿಲೋಗ್ರಾಮಿಗೆ ನೂರು ಮಿಲಿಗ್ರಾಮು ನಿರಪಾಯವಾದರೆ ಮನುಷ್ಯನಿಗೆ ಒಂದು ಮಿಲಿಗ್ರಾಮು. ಐವತ್ತು ಕಿಲೋಗ್ರಾಮು ತೂಕದವನು ಬದುಕಿರುವವರೆಗೂ ದಿನಕ್ಕೆ ಐವತ್ತು ಮಿಲಿಗ್ರಾಮಿನವರೆಗೆ ಸೇವಿಸಬಹುದು. ಲೋಕದ ರಾಷ್ಟ್ರಗಳಿಗಾಗಿ ಇಂಥ ನಿತ್ಯಮಾತ್ರೆಯನ್ನು ನಿರ್ಣಯಿಸಲು ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳೆರಡೂ ಕೂಡಿ ನೇಮಿಸಿದ ತಜ್ಞಸಮಿತಿಯು ೧೯೫೬ರಿಂದ ಸಭೆ ಸೇರುತ್ತ ಬಂದಿದೆ. ವೈಲಿಯು ನಿಷೇಧಿಸಬೇಕೆಂದಿದ್ದ ಬೆಂಜೋಯಿಕ್ ಆಮ್ಲದ ಲವಣಗಳಿಗೆ ಆ ಸಮಿತಿಯು ಮೊದಲು ಕಿಲೋಗ್ರಾಮಿಗೆ ಐದು ಮಿಲಿಗ್ರಾಮನ್ನೂ, ೨೦೨೧ರಲ್ಲಿ ಇಪ್ಪತ್ತನ್ನೂ ಮಿತಿಯಾಗಿಟ್ಟಿತು. ಹೀಗೆ ನಿರ್ಣಯವು ಕಾಲಕಾಲಕ್ಕೆ ಪುನಃ ಪರಿಶೀಲನೆಗೆ ಬರುತ್ತದೆ; ಎಂದೆಂದಿಗೂ ಮುಗಿದುಹೋದ ತೀರ್ಪೆಂಬುದು ಇಲ್ಲಿ ಇಲ್ಲ.

ಇಲಿಯಿಂದ ಮನುಷ್ಯನಿಗೆ ಹೋಗುವುದು ಅನುಮಾನಪ್ರಮಾಣ. ಅನುಮಾನಕ್ಕೆ ಉಪಾಧಿಯೆಂಬ ದೋಷವುಂಟೆಂದು ತರ್ಕವನ್ನೋದಿದವರೆಲ್ಲರೂ ಬಲ್ಲರು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದಿಲ್ಲ, ಹಸಿಯ ಸೌದೆಯಿದ್ದಲ್ಲಿ ಮಾತ್ರ ಇರುವುದು. ೧೯೫೮ರ ಶಾಸನದಲ್ಲಿ ಡಿಲೇನಿಯ ಹೆಸರಿನಿಂದ ಪ್ರಸಿದ್ಧವಾದ ಒಂದು ವಾಕ್ಯವುಂಟು: ಮನುಷ್ಯನಲ್ಲಾಗಲಿ ಪ್ರಾಣಿಯಲ್ಲಾಗಲಿ ಅರ್ಬುದರೋಗವನ್ನು ಉಂಟುಮಾಡುವ ಯಾವ ದ್ರವ್ಯವನ್ನೂ ನಿರಪಾಯವೆಂದು ಎಣಿಸಕೂಡದು. ಸ್ಯಾಕರಿನ್ ಎಂಬ ಸಿಹಿದ್ರವ್ಯವು ಇಲಿಗಳ ಮೂತ್ರಕೋಶದಲ್ಲಿ ಗಡ್ಡೆಗಳನ್ನುಂಟುಮಾಡಿದ್ದರಿಂದ ೧೯೭೭ರಲ್ಲಿ ಅದನ್ನು ನಿಷೇಧಿಸಲು ಹೊರಟರು. ಪ್ರತಿನಿಧಿಸಭೆಯವರು ತಡೆದು, ಡಬ್ಬಿಯ ಮೇಲೆ ಎಚ್ಚರಿಕೆಯ ಮಾತನ್ನು ಮಾತ್ರ ಬರೆಸಿದರು. ಇಲಿಯ ಮೂತ್ರದ ವಿಶೇಷ ಗುಣವೇ ಅಲ್ಲಿನ ಹಸಿಸೌದೆಯೆಂದೂ, ಮನುಷ್ಯನಲ್ಲಿ ಅದಿಲ್ಲವೆಂದೂ ಮುಂದೆ ತಿಳಿದುಬಂದು, ೨೦೦೦ರಲ್ಲಿ ಆ ಎಚ್ಚರಿಕೆಯನ್ನು ತೆಗೆದರು. ೧೯೦೭ರ ಏಳು ಬಣ್ಣಗಳಲ್ಲಿ ಮತ್ತೊಂದಾದ ಎರಿತ್ರೋಸಿನ್ ಎಂಬ ಕೆಂಪಿಗೆ ಆಹಾರದಲ್ಲಿದ್ದ ಅನುಮತಿಯನ್ನು ೨೦೨೫ರ ಜನವರಿಯಲ್ಲಿ ಹಿಂತೆಗೆದುಕೊಂಡರು. ಗಂಡು ಇಲಿಗಳಲ್ಲಿ ರೋಗವುಂಟಾಗುವ ಕ್ರಮವು ಮನುಷ್ಯನಲ್ಲಿಲ್ಲವೆಂದು ಅಧಿಕಾರಿಗಳೇ ಹೇಳಿದರೂ, ಶಾಸನವು ಉಪಾಧಿಯ ಮಾತನ್ನು ಕೇಳಲೊಲ್ಲದು. ಇದು ಅತಿಯಾಯಿತೆಂದು ಕೆಲವರು ಹೇಳಬಹುದು. ಆದರೆ ಸಂಶಯವುಂಟಾದಾಗ ಅದರ ನಷ್ಟವನ್ನು ಉಣ್ಣುವವನು ಹೊರಬೇಕೋ, ಮಾರುವವನು ಹೊರಬೇಕೋ ಎಂಬ ಪ್ರಶ್ನೆಗೆ ಶಾಸನಕಾರರು ಬುದ್ಧಿಪೂರ್ವಕವಾಗಿಯೇ ಉತ್ತರಕೊಟ್ಟರು.

ಈ ಕೋಟೆಗೆ ಒಂದು ದಿಡ್ಡಿಬಾಗಿಲೂ ಇದೆ. ನಿರಪಾಯವೆಂದು ತಜ್ಞರಲ್ಲಿ ಪ್ರಸಿದ್ಧವಾದ ದ್ರವ್ಯಗಳಿಗೆ ೧೯೫೮ರ ಶಾಸನವು ಪೂರ್ವಾನುಮತಿಯಿಂದ ವಿನಾಯಿತಿ ಕೊಟ್ಟಿತು. ಉಪ್ಪು ಮೆಣಸುಗಳಿಗೆ ಇದು ಯುಕ್ತವೇ ಸರಿ. ವೃದ್ಧವ್ಯವಹಾರವೂ ಒಂದು ಪ್ರಮಾಣವೇ. ಆದರೆ ಪ್ರಸಿದ್ಧಿಯು ಮೋಸಗೊಳಿಸುವುದುಂಟು. ಎಣ್ಣೆಯನ್ನು ಜಲಜನಕದಿಂದ ಗಟ್ಟಿಮಾಡಿದ ಕೊಬ್ಬು, ನಮ್ಮಲ್ಲಿ ವನಸ್ಪತಿಯೆಂದು ಮಾರುವ ಬಗೆಯದು, ಬಹುಕಾಲ ಈ ಪ್ರಸಿದ್ಧಿಯ ಆಶ್ರಯದಲ್ಲಿತ್ತು. ಅದು ಹೃದಯರೋಗಕ್ಕೆ ಕಾರಣವೆಂಬ ಸಾಕ್ಷ್ಯವು ಕೂಡಿಬಂದ ಮೇಲೆ ೨೦೧೫ರಲ್ಲಿ ಅಮೆರಿಕದವರು ಆ ಪ್ರಸಿದ್ಧಿಯನ್ನು ತಳ್ಳಿಹಾಕಿದರು. ಭಾರತದಲ್ಲಿ ೨೦೨೨ರ ಜನವರಿಯಿಂದ ಎಣ್ಣೆಕೊಬ್ಬುಗಳಲ್ಲಿ ಕಾರ್ಖಾನೆಯಿಂದುಂಟಾದ ಟ್ರಾನ್ಸ್ ಕೊಬ್ಬಿನ ಅಂಶವು ನೂರಕ್ಕೆ ಎರಡು ಭಾಗವನ್ನು ಮೀರಕೂಡದೆಂಬ ನಿಯಮವು ಬಂದಿದೆ. ಅದಕ್ಕಿಂತಲೂ ದೊಡ್ಡ ದೋಷವು ಮತ್ತೊಂದುಂಟು. ತನ್ನ ದ್ರವ್ಯವು ಪ್ರಸಿದ್ಧವೆಂದು ಮಾರುವವನೇ, ತಾನು ಕರೆಸಿದ ತಜ್ಞರಿಂದ, ನಿರ್ಣಯಿಸಿಕೊಳ್ಳಬಹುದು. ಅದನ್ನು ಸರಕಾರಕ್ಕೆ ತಿಳಿಸುವುದನ್ನು ೨೦೧೬ರ ನಿಯಮವು ಅವನ ಇಚ್ಛೆಗೇ ಬಿಟ್ಟಿತು. ವ್ಯಾಜ್ಯದಲ್ಲಿ ಅರ್ಥಸಂಬಂಧವುಳ್ಳವನನ್ನು ಸಾಕ್ಷಿಯಾಗಿ ಸ್ವೀಕರಿಸಬಾರದೆಂದು ಮನುಸ್ಮೃತಿಯು ವಿಧಿಸಿದೆ. ಆ ಬಾಗಿಲನ್ನು ಮುಚ್ಚುವ ಬಗೆಯನ್ನು ಪರಿಶೀಲಿಸಬೇಕೆಂದು ೨೦೨೫ರಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯವು ಸೂಚಿಸಿದುದು ಈ ಆಕ್ಷೇಪಕ್ಕೆ ಬಲವಿದೆಯೆಂಬುದನ್ನು ತೋರಿಸುತ್ತದೆ.

ನಮ್ಮ ದೇಶದಲ್ಲಿ ೧೯೫೪ರ ಆಹಾರ ಕಲಬೆರಕೆ ತಡೆ ಕಾಯಿದೆಯು, ಹೆಸರೇ ಹೇಳುವಂತೆ, ಮುಖ್ಯವಾಗಿ ದಂಡದ ಶಾಸನವಾಗಿತ್ತು. ಪರೀಕ್ಷಕನ ವರದಿಯಲ್ಲಿ ವಿವಾದ ಬಂದಾಗ ಮಾದರಿಯನ್ನು ಕಳುಹಿಸುತ್ತಿದ್ದ ಕೇಂದ್ರ ಪ್ರಯೋಗಾಲಯಗಳಲ್ಲೊಂದು ನಮ್ಮ ಮೈಸೂರಿನಲ್ಲಿಯೇ, ೧೯೫೦ರಲ್ಲಿ ಚೆಲುವಾಂಬ ವಿಲಾಸದಲ್ಲಿ ಪ್ರಾರಂಭವಾದ ಆಹಾರ ಸಂಶೋಧನಾಲಯದಲ್ಲಿ, ಇತ್ತೆಂಬುದು ಕನ್ನಡಿಗರಿಗೆ ಸಂತೋಷದ ವಿಷಯ. ೨೦೦೬ರ ಆಹಾರ ಸುರಕ್ಷತೆಯ ಕಾಯಿದೆಯು ಹಳೆಯದರ ಸ್ಥಾನದಲ್ಲಿ ಬಂದು, ನಿಯಮಗಳು ಒಪ್ಪಿದ ರೀತಿಯಲ್ಲಲ್ಲದೆ ಯಾವ ಸೇರ್ಪಡೆ ದ್ರವ್ಯವೂ ಆಹಾರದಲ್ಲಿ ಇರಕೂಡದೆಂದು ವಿಧಿಸಿತು. ನಿಯಮಗಳಲ್ಲಿ ಹೆಸರಿಲ್ಲದ ಹೊಸ ದ್ರವ್ಯವನ್ನು ತರುವವನು ಅದರ ಸುರಕ್ಷತೆಯ ಆಧಾರಗಳೊಡನೆ ಮೊದಲೇ ಅರ್ಜಿಮಾಡಿಕೊಳ್ಳಬೇಕೆಂದು ೨೦೧೭ರ ನಿಯಮವು ಹೇಳುತ್ತದೆ. ಅಂದರೆ ಕಾರಣೋತ್ತರದ ನ್ಯಾಯವು ನಮ್ಮಲ್ಲಿಯೂ ನೆಲೆಗೊಂಡಿದೆ. ಒಪ್ಪಿದುದನ್ನು ಬಿಡಲೂ ಬಹುದು. ರೊಟ್ಟಿಯ ಹಿಟ್ಟಿಗೆ ಹಾಕುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು ೨೦೧೬ರಲ್ಲಿ ಪಟ್ಟಿಯಿಂದ ತೆಗೆದುದೇ ಇದಕ್ಕೆ ನಿದರ್ಶನ.

ಇಷ್ಟರಿಂದ ತಿಳಿಯುವುದೇನೆಂದರೆ, ಅನ್ನದ ಪರೀಕ್ಷೆಯಲ್ಲಿ ಉಪಕರಣಗಳು ಎಷ್ಟು ಸೂಕ್ಷ್ಮವಾದರೂ, ಮೊದಲು ನಿರ್ಣಯವಾಗಬೇಕಾದುದು ಭಾರವು ಯಾರದೆಂಬುದು. ಅದು ಉಣ್ಣುವವನ ಮೇಲಿದ್ದಾಗ ಅವನ ದೇಹವೇ ಪ್ರಯೋಗಶಾಲೆ, ಅವನ ಮರಣವೇ ಸಾಕ್ಷ್ಯ. ಬ್ರಾಡ್‌ಫರ್ಡಿನ ಮಿಠಾಯಿ ತಿಂದವರು ಕೊಟ್ಟುದು ಅಂಥ ಸಾಕ್ಷ್ಯವೇ. ವಾಗ್ಭಟನು ಅರಸನ ಎಡೆಗೆ ವಿಧಿಸಿದ ರಕ್ಷೆಯು ಇಂದು ಶಾಸನದಲ್ಲಿ ಎಲ್ಲರ ಎಡೆಗೂ ಬಂದಿದೆ. ಆಚರಣೆಯಲ್ಲಿಯೂ ಅದು ಬರುವುದಾದರೆ, ಮಾರುವವನನ್ನು ಅವನ ಮಾತಿಗೆ ಅವನೇ ಸಾಕ್ಷಿಯಾಗಲು ಬಿಡದಿರುವುದರಿಂದಲೇ ಬರಬೇಕು.